ಕೆಂಪು ಚುಕ್ಕೆಯ ನೀಲಿಪಟ್ಟಿಗಳು

ಒಂದು ವರ್ಷ ಚಿಟ್ಟೆ ನೋಡುವುದಕ್ಕೆ ನಮ್ಮ ಮನೆಗೆ ಹನ್ನೊಂದು ರೂಪಾಯಿ ಖರ್ಚು ಬಂತು. ಸೊಳ್ಳೆಪರದೆಯ ಬಟ್ಟೆ ಒಂದು ಗಜ, ಒಂದೂವರೆ ರೂಪಾಯಿ. ಗೆರೆ ಹೊಡೆದ ರಟ್ಟಿನ ಪುಸ್ತಕ, ಒಂದು ಮುಕ್ಕಾಲು. ಸೀಸದಕಡ್ಡಿ ಎರಡು, ನಾಲ್ಕಾಣೆ. ಅರವತ್ತು ಅಂಚೆಕಾರ್ಡು, ಮೂರು ರೂಪಾಯಿ. ಹುಬ್ಬಳ್ಳಿಯಿಂದ ತರಿಸಿದ ಭೂತಗನ್ನಡಿ, ನಾಲ್ಕೂವರೆ. ಬಲೆಯ ಬಾಯಿಗೆ ಬೇಕಾದ ಬೆತ್ತ ಪುಕ್ಕಟೆ. ರೆಕ್ಕೆಯ ಮೇಲೆ ಚುಕ್ಕೆ ಇಡುವ ಕೆಂಪು ಬಣ್ಣ ನಮ್ಮ ಅಂಗಡಿಯದೇ. ಮೂಟೆಗಳಿಗೆ ಗುರುತು ಹಾಕುವ ಡಬ್ಬಿಯಿಂದ ಒಂದು ಚಮಚ ಹೋದರೆ ಅದನ್ನು ಯಾರೂ ಬರೆದಿಡುವುದಿಲ್ಲ. ಇದು ೧೯೬೧ರ ಮಾತು. ಈ ಹನ್ನೊಂದು ರೂಪಾಯಿಯ ಮೇಲೆ ನನ್ನ ತಂಗಿ ಪಾರ್ವತವ್ವನಿಗೆ ತಿಂಗಳಿಗೆ ನಲವತ್ತು ರೂಪಾಯಿಯ ಕೆಲಸ ಸಿಗುವುದರಲ್ಲಿತ್ತು. ಇಷ್ಟು ಕಡಿಮೆ ಹಾಕಿ ಇಷ್ಟು ತೆಗೆಯುವ ವ್ಯಾಪಾರ ನಾನು ಬೇರೆ ಕಂಡಿರಲಿಲ್ಲ.

ನಮ್ಮದು ಮೂಲದಲ್ಲಿ ಬನವಾಸಿ, ಸೆಣಬಿನ ಹೊಲ ಅಲ್ಲೇ. ಶಿರಸಿಯಲ್ಲಿ ಬನವಾಸಿ ರಸ್ತೆಯ ಮೇಲೆ ಮನೆ, ಮನೆಯ ಮುಂಭಾಗದಲ್ಲಿ ಅಂಗಡಿ. ಸೆಣಬು, ಹಗ್ಗ, ಗೋಣಿತಟ್ಟು ನಮ್ಮ ವ್ಯಾಪಾರ. ರಸ್ತೆಯ ಆಚೆ ಬದಿಗೆ ಗೋದಾಮು. ಅದರ ಅಂಗಳದಲ್ಲಿ ಸೆಣಬಿನ ಕಟ್ಟು ಒಟ್ಟುವುದು, ಲಾರಿ ತುಂಬುವುದು. ಮನೆಯ ಹಿಂದೆ ಒಂದು ಕೈತೋಟ: ಲಿಂಬೆ, ಕರಿಬೇವು, ದಾಸವಾಳ, ಸಾಲಿಗೆ ಚೆಂಡುಹೂವು. ಪಾರ್ವತವ್ವ ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದವಳು. ಆಗ ಮೂವತ್ತಮೂರು. ಕೂತಲ್ಲಿ ಕೂರುವ ಜೀವ ಅಲ್ಲ ಅದು. ರೊಟ್ಟಿ ಬಡಿಯುತ್ತಿರುವಾಗಲೇ ಹಿತ್ತಲಿಗೆ ಹೋಗಿ ಬರುತ್ತಿದ್ದಳು. ಊಟದ ನಡುವೆ ಎದ್ದು ಕಿಟಕಿಗೆ ಹೋಗುತ್ತಿದ್ದಳು. ಅವಳ ಕಾಲಲ್ಲಿ ಚಕ್ರ ಇದೆ ಎಂದು ನನ್ನ ಹೆಂಡತಿ ನೀಲಗಂಗವ್ವ ನಗುತ್ತಿದ್ದಳು. ಚಕ್ರ ಇದ್ದರೂ ಉರುಳುವುದಕ್ಕೆ ಜಾಗ ಇರಲಿಲ್ಲ. ಗುಡಿಗೆ ಹೋಗಬಹುದು, ವೈನಿ ನೀಲಗಂಗವ್ವನ ಜೊತೆ ಪೇಟೆಗೆ ಹೋಗಬಹುದು, ಅಷ್ಟೆ. ಹಮಾಲರು ಕೆಲಸ ಮಾಡುವ ಹೊತ್ತಿನಲ್ಲಿ ಮನೆಯ ಹೆಣ್ಣುಮಕ್ಕಳು ರಸ್ತೆ ದಾಟಿ ಗೋದಾಮಿನ ಅಂಗಳಕ್ಕೆ ಕಾಲಿಡಬಾರದು ಎಂದು ನಮ್ಮ ಅಪ್ಪ ಹಾಕಿದ ಕಟ್ಟಳೆ ಇತ್ತು. ಅಪ್ಪ ಹೋದ ಮೇಲೂ ಅದನ್ನು ನಾನು ನಡೆಸಿಕೊಂಡು ಬಂದಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಚಿಟ್ಟೆಯ ವಿಷಯ ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಮಳೆ ಮುಗಿದು ಬಿಸಿಲು ಬಿದ್ದ ಕೂಡಲೆ ಕಪ್ಪು ಮೈಯ ಮೇಲೆ ತಿಳಿನೀಲಿ ಗೆರೆ ಇರುವ ಚಿಟ್ಟೆಗಳು ಹಿಂಡುಹಿಂಡಾಗಿ ಪಡುವಣಕ್ಕೆ ಹೋಗುತ್ತವೆ. ಅವು ಹೊರಟ ಹದಿನೈದು ದಿನಕ್ಕೆ ಸೆಣಬು ಕೊಯ್ಯಬೇಕು ಎಂದು ನಮ್ಮ ತಾಯಿ ಹೇಳುತ್ತಿದ್ದಳು. ತಾಯಿ ತೀರಿದ ಮೇಲೆ ಆ ದಿನ ನೋಡಿಡುವ ಕೆಲಸ ಪಾರ್ವತವ್ವನಿಗೆ ಬಂತು. ಅವಳು ದಿನ ನೋಡುವುದರಲ್ಲಿ ನಿಲ್ಲಲಿಲ್ಲ. ಎಷ್ಟು ಹೋದವು, ಎಷ್ಟು ಹೊತ್ತಿಗೆ ಹೋದವು, ಗಾಳಿ ಯಾವ ಕಡೆಯದು, ಲಿಂಬೆಯ ಮೇಲೆ ಯಾವ ಹುಳು, ಕರಿಬೇವಿನ ಮೇಲೆ ಯಾವುದು, ಎಲ್ಲ ಬರೆದಳು. ಹೆಸರನ್ನೂ ಅವಳೇ ಇಟ್ಟಳು. ನೀಲಿ ಗೆರೆಯದು ನೀಲಿಪಟ್ಟಿ. ಕಪ್ಪುಗಂದು ಬಣ್ಣದ್ದು ಕರಿಕಂಬಳಿ.

ಅದಕ್ಕೆ ಎರಡು ವರ್ಷ ಮೊದಲು ಅನಂತಮೂರ್ತಿಯವರು ಅಂಗಡಿಗೆ ಬಂದಿದ್ದರು. ಸಿದ್ದಾಪುರದ ಕಡೆ ದೊಡ್ಮನೆ ಎಂಬ ಊರಿನವರು. ಮುಂಬಯಿಯ ಒಂದು ಸಂಗ್ರಹಾಲಯದಲ್ಲಿ ಹುಳಹುಪ್ಪಟೆ ಜೋಡಿಸಿಡುವ ಕೆಲಸ. ರಜೆಗೆ ಊರಿಗೆ ಬಂದವರು ಪೆಟ್ಟಿಗೆ ಕಟ್ಟಲು ಹುರಿ ಕೇಳಿದರು. ನಾನು ಹುರಿ ತೂಗುವ ಹೊತ್ತಿಗೆ ಅವರ ಕಣ್ಣು ದುಡ್ಡಿನ ಗಲ್ಲೆಯ ಮೇಲಿದ್ದ ಪುಸ್ತಕದ ಮೇಲೆ ಬಿತ್ತು. ಅದು ಸೆಣಬಿನ ಕೊಯ್ಲಿನ ದಿನ ನೋಡಲು ನಾನು ಒಳಗಿನಿಂದ ತರಿಸಿದ್ದ ಪಾರ್ವತವ್ವನ ಪುಸ್ತಕ. ಅವರು ನಿಂತಲ್ಲೇ ಒಂದು ತಾಸು ಓದಿದರು. ಹುರಿ ಮರೆತು ಹೋದರು. ಮರುದಿನ ಬಂದವರು ಹುರಿಯನ್ನಲ್ಲ, ಪುಸ್ತಕ ಬರೆದವರನ್ನು ನೋಡಬೇಕೆಂದರು.

ಅವರು ಹೇಳಿದ ಮೇಲೆಯೇ ನಮಗೆ ತಿಳಿದದ್ದು, ಇದರಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಒಂದಿದೆ ಎಂದು. ಶಿರಸಿಯಿಂದ ಹೋದ ನೀಲಿಪಟ್ಟಿಗಳು ಘಟ್ಟ ಇಳಿದು ಸಮುದ್ರದ ದಡಕ್ಕೆ ಹೋಗುತ್ತವೆಯೋ, ಅಥವಾ ದಡದ ಮೇಲೆ ಕಾಣುವವು ಬೇರೆಯವೋ? ಮೇಲಿನವರು ಹೋದದ್ದನ್ನು ನೋಡಿದ್ದರು, ಕೆಳಗಿನವರು ಬಂದದ್ದನ್ನು ನೋಡಿದ್ದರು. ಒಂದೇ ಚಿಟ್ಟೆಯನ್ನು ಎರಡೂ ಕಡೆ ಕಂಡವರು ಇರಲಿಲ್ಲ. ಹಾಗಾದರೆ ಅವಕ್ಕೆ ಗುರುತು ಹಾಕಿದರೆ ಆಯಿತಲ್ಲ ಎಂದಳು ಪಾರ್ವತವ್ವ. ಮೂಟೆ ಯಾವ ಊರಿಗೆ ಹೋದರೂ ನಮ್ಮದು ಎಂದು ತಿಳಿಯುವುದು ಬಣ್ಣದಿಂದ. ಚಿಟ್ಟೆಗೂ ಅದೇ ಆದೀತು. ಮೊದಲು ಹಾಕಿದ ಬಣ್ಣ ಭಾರವಾಗಿ ನಾಲ್ಕು ಚಿಟ್ಟೆ ನೆಲಕ್ಕೆ ಬಿದ್ದವು. ಆಮೇಲೆ ಬಣ್ಣಕ್ಕೆ ಎಣ್ಣೆ ಬೆರೆಸಿ ತೆಳ್ಳಗೆ ಮಾಡಿ, ಕಡ್ಡಿಯ ತುದಿಯಿಂದ ಎಡರೆಕ್ಕೆಯ ನೀಲಿಯ ಮೇಲೆ ಸಾಸಿವೆಯಷ್ಟು ಚುಕ್ಕೆ ಇಡುವುದನ್ನು ಕಲಿತಳು. ಚಂದ್ರಶೇಖರಪ್ಪನವರು ಪಾತರಗಿತ್ತಿಗೂ ಅಂಗಡಿ ಮಾರ್ಕು ಒತ್ತುತ್ತಾರೆ ಎಂದು ಪೇಟೆಯಲ್ಲಿ ನನ್ನ ಹೆಸರು ಹಿಡಿದು ನಕ್ಕರು. ನಗಲಿ ಎಂದು ಬಿಟ್ಟೆ.

ಕೆಳಗೆ ನೋಡುವವರು ಬೇಕಲ್ಲ. ಕರಾವಳಿಯಲ್ಲಿ ನಮಗೆ ಗೊತ್ತಿದ್ದವರು ಒಬ್ಬರೇ, ಕುಮಟೆಯ ಕಮಲಾಕರ. ಮೀನುಬಲೆಗೆ ನಾರು ಕೊಳ್ಳುವವರು, ನಮ್ಮ ಅಪ್ಪನ ಕಾಲದಿಂದ ಗಿರಾಕಿ. ಕೆಂಪು ಚುಕ್ಕೆ ಕಂಡರೆ ತಿಳಿಸಿರಿ ಎಂದು ಪಾರ್ವತವ್ವ ಅವರಿಗೆ ಕಾರ್ಡು ಹಾಕಿದಳು. ಇದು ನನ್ನ ತಂಗಿಯ ಕೆಲಸ ಎಂದು ನಾನು ಕೆಳಗೆ ಒಂದು ಸಾಲು ಸೇರಿಸಿದೆ.

೧೯೬೧ರ ಬೇಸಿಗೆಯಲ್ಲಿ ಅನಂತಮೂರ್ತಿಯವರಿಂದ ಪತ್ರ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕೆಳಗಿನ ದಡ, ಇಷ್ಟಕ್ಕೆ ಒಬ್ಬರನ್ನು ಚಿಟ್ಟೆ ಬರೆದಿಡಲು ನೇಮಿಸುತ್ತಾರೆ. ಮೂರು ವರ್ಷ, ತಿಂಗಳಿಗೆ ನಲವತ್ತು ರೂಪಾಯಿ, ಬಸ್ಸಿನ ಖರ್ಚು ಬೇರೆ. ಪಾರ್ವತವ್ವನದೂ ಸೇರಿ ಅರ್ಜಿ ಮೂರು ಬಂದಿವೆ. ಗುರುತಿನ ಚಿಟ್ಟೆ ಒಂದು ಕೆಳಗೆ ಸಿಕ್ಕರೆ ಸಂಗ್ರಹಾಲಯದ ಸಮಿತಿಯವರು ಬೇರೆ ಹೆಸರು ನೋಡುವುದಿಲ್ಲ.

ನಲವತ್ತು ರೂಪಾಯಿ ಏನು ಮಾಡುತ್ತೀ ಎಂದು ನಾನು ತಮಾಷೆಗೆ ಕೇಳಿದ್ದೆ. ಅವಳು ಲಿಂಬೆಯ ಎಲೆ ತಿರುವಿ ನೋಡುತ್ತಲೇ ಹೇಳಿದಳು.

“ರೊಕ್ಕದ ಮಾತಲ್ಲಣ್ಣ. ಕೈಯಾಗ ಒಂದು ಕಾಗದ ಇದ್ರ ಎಲ್ಲಿಗೆ ಹೊಂಟಿ, ಯಾಕ ಹೊಂಟಿ ಅಂತ ಯಾರೂ ಕೇಳಾಂಗಿಲ್ಲ. ನಾ ಹೋಗಾಕಿ, ಬರಾಕಿ. ಅಷ್ಟ ಸಾಕು ನಂಗ.”

ಆ ವರ್ಷದ ಸೆಣಬಿಗೆ ಒಂದು ತೊಡಕು ಬಂದಿತ್ತು. ಪ್ರತಿ ವರ್ಷ ದಂಟನ್ನು ಬನವಾಸಿಯಲ್ಲೇ ನೀರಿಗೆ ಹಾಕಿ ಕೊಳೆಸಿ, ನಾರು ಸುಲಿದು ಕಳಿಸುತ್ತಿದ್ದೆವು. ನೀರು ನಾರುತ್ತದೆ, ದನ ಕುಡಿಯುವುದಿಲ್ಲ ಎಂದು ಊರವರು ಆ ವರ್ಷ ತಡೆದರು. ಹಾಗಾದರೆ ದಂಟನ್ನೇ ಕಳಿಸಿ, ನಮ್ಮ ಹಿನ್ನೀರಿನಲ್ಲಿ ಕೊಳೆಹಾಕಿಕೊಳ್ಳುತ್ತೇವೆ ಎಂದರು ಕಮಲಾಕರ. ಅದರಿಂದ ಆ ಅಕ್ಟೋಬರಿನಲ್ಲಿ ಎಲೆ, ಕಾಯಿ ಸಮೇತ ಒಣಗಿದ ದಂಟಿನ ಕಟ್ಟುಗಳು ನಮ್ಮ ಅಂಗಳಕ್ಕೆ ಬಂದು ಬಿದ್ದವು. ಸೋಮವಾರ ಹಗಲು ಲಾರಿ ತುಂಬುವುದು, ಸಂಜೆ ತಾಡಪಾಲು ಹೊದೆಸಿ ಬಿಗಿಯುವುದು, ಮಂಗಳವಾರ ನಸುಕಿಗೆ ಅಖ್ತರ್ ದೇವಿಮನೆ ಘಟ್ಟ ಇಳಿದು ಹತ್ತು ಗಂಟೆಗೆ ಕುಮಟೆ ಮುಟ್ಟುವುದು. ಅಖ್ತರ್ ಶಿರಸಿಯವನೇ, ನಮ್ಮ ಮಾಲಿಗೆ ಎಂಟು ವರ್ಷದಿಂದ ಅವನದೇ ಲಾರಿ.

ಪಾರ್ವತವ್ವ ಆ ತಿಂಗಳು ಮುನ್ನೂರ ಹನ್ನೆರಡು ನೀಲಿಪಟ್ಟಿಗೆ ಚುಕ್ಕೆ ಇಟ್ಟಳು. ಅಂಚೆಯವನು ತಿರುವಿನಲ್ಲಿ ಕಾಣುವ ಹೊತ್ತಿಗೆ ಅವಳು ಅಂಗಡಿಯ ಬಾಗಿಲಲ್ಲಿ ಇರುತ್ತಿದ್ದಳು. ಹದಿಮೂರಕ್ಕೆ ಮೊದಲ ಕಾರ್ಡು ಬಂತು. ಹತ್ತನೆಯ ತಾರೀಖು ಸಂಜೆ ನಮ್ಮ ಬಲೆಯ ಕೊಟ್ಟಿಗೆಯ ಗೋಡೆಯ ಮೇಲೆ ಒಂದು ಕಂಡಿತು, ಎಡರೆಕ್ಕೆಗೆ ಕೆಂಪು ಚುಕ್ಕೆ, ಅಕ್ಕನವರಿಗೆ ತಿಳಿಸುವುದು ಎಂದು ಕಮಲಾಕರ ಬರೆದಿದ್ದರು. ಆಮೇಲೆ ಹದಿನೆಂಟಕ್ಕೆ ಎರಡು ಕಂಡದ್ದು, ಇಪ್ಪತ್ತನಾಲ್ಕಕ್ಕೆ ಒಂದು. ಒಟ್ಟು ನಾಲ್ಕು.

ಅವಳು ಕುಣಿಯಲಿಲ್ಲ. ಮೂರು ಕಾರ್ಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲಿನಿಂದ ಅಂಗಡಿಗೆ, ಅಂಗಡಿಯಿಂದ ಹಿತ್ತಲಿಗೆ ನಡೆದಾಡಿದಳು. ಮುಂಬಯಿಗೆ ಬರೆದಳು. ಹದಿನೇಳನೆಯ ನವೆಂಬರಿಗೆ ನಾನೇ ಬರುತ್ತೇನೆ, ನೇಮಕದ ಕಾಗದ ತರುತ್ತೇನೆ ಎಂದು ಅನಂತಮೂರ್ತಿಯವರ ಉತ್ತರ ಬಂತು. ಒಂದು ಸಣ್ಣ ಕೆಲಸ ಮಾತ್ರ ಬಾಕಿ: ಆ ನಾಲ್ಕು ಚಿಟ್ಟೆಯ ಬರಹದ ಕೆಳಗೆ, ನನಗೆ ತಿಳಿದಮಟ್ಟಿಗೆ ಇದು ನಿಜ ಎಂದು ಊರಿನ ಗೊತ್ತಿದ್ದ ಒಬ್ಬರ ಸಹಿ ಬೇಕು. ಗೊತ್ತಿದ್ದವರು ಎಂದರೆ ನಾನೇ. ಅವರು ಬಂದ ದಿನ ಮಾಡೋಣ ಬಿಡು ಎಂದೆ.

ನವೆಂಬರ್ ಆರು, ಸೋಮವಾರ. ಅಂಗಳದಲ್ಲಿ ಲಾರಿ ತುಂಬುತ್ತಿತ್ತು. ನಾನು ಪೇಡೆಯ ಪೊಟ್ಟಣ ಹಿಡಿದು ಹೋಗಿ ಅಖ್ತರನಿಗೆ ಎರಡು ಕೊಟ್ಟೆ, ಹಮಾಲರಿಗೆ ಹಂಚಿದೆ. ಯಾವ ಖುಷಿಗೆ ಎಂದು ಅಖ್ತರ್ ಕೇಳಿದ. ಹೇಳಿದೆ. ನಮ್ಮ ತೋಟದ ಚಿಟ್ಟೆ ಮೂವತ್ತೆಂಟು ಮೈಲಿ ಹಾರಿ ಕುಮಟೆಗೆ ಹೋಗಿದೆ ಎಂದೆ. ಅವನು ಪೇಡೆ ಬಾಯಿಗೆ ಹಾಕಿಕೊಂಡು ನಕ್ಕ.

“ಹಾರಿ ಯಾಕೆ ಹೋಗ್ತವೆ ಸಾವ್ಕಾರ್ರೆ? ನನ್ನ ಗಾಡಿಯಲ್ಲೇ ಆರಾಮಾಗಿ ಹೋಗ್ತವಲ್ಲ, ಟಿಕೀಟಿಲ್ಲದ ಸವಾರಿ. ಅಲ್ಲಿ ತಾಡಪಾಲು ಬಿಚ್ಚಿದರೆ ಭರ್ ಅಂತ ಏಳ್ತವೆ. ನಿಮಗೆ ಗೊತ್ತೇ ಐತಿ ಅಂದ್ಕಂಡಿದ್ದೆ.”

ನಾನು ಲಾರಿಯ ಹಿಂದಿನ ಹಲಗೆ ಹಿಡಿದು ಮೇಲೆ ಹತ್ತಿದೆ. ಒಣಗಿದ ದಂಟಿನ ಮೇಲೆ, ಕಾಯಿಯ ಮೇಲೆ, ನೀಲಿಪಟ್ಟಿಗಳು ಸಾಲಾಗಿ ಕೂತಿದ್ದವು. ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ. ಕೊಂಡಿಯಂಥ ಬಾಯಿಯನ್ನು ದಂಟಿಗೆ ಒತ್ತಿ ಹೀರುತ್ತಿದ್ದವು. ಕೈ ತಾಗಿಸಿದರೂ ಎರಡು ಹೆಜ್ಜೆ ಸರಿದು ಮತ್ತೆ ಕೂರುತ್ತಿದ್ದವು. ಕಟ್ಟಿನ ಒಳಗಿನ ನೆರಳಲ್ಲಿ ಇನ್ನಷ್ಟು. ಅವುಗಳಲ್ಲಿ ಎರಡರ ಎಡರೆಕ್ಕೆಯ ಮೇಲೆ ಸಾಸಿವೆಯಷ್ಟು ಕೆಂಪು. ಸೆಣಬಿಗೆ ಚಿಟ್ಟೆ ಬರುವುದನ್ನು ನಾನು ಹುಡುಗನಿದ್ದಾಗಿಂದ ನೋಡಿದ್ದೆ. ನೋಡಿದ್ದೆ ಎಂದರೆ ಕಣ್ಣಿಗೆ ಬಿದ್ದಿತ್ತು. ನನ್ನ ಲಕ್ಷ್ಯವೆಲ್ಲ ಕಟ್ಟಿನ ತೂಕದ ಮೇಲೆ.

ಕೆಳಗಿಳಿದು ಅಖ್ತರನಿಗೆ ಇದನ್ನು ಯಾರ ಮುಂದೆಯೂ ಆಡಬೇಡ ಎಂದೆ. ಅವನ ನಗೆ ನಿಂತಿತು. ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದ. ಇಲ್ಲ ಎಂದೆ.

ಆ ಮೇಲಿನ ಹತ್ತು ದಿನ ನಾನು ನೆಟ್ಟಗೆ ಕೂತು ವ್ಯಾಪಾರ ಮಾಡಲಿಲ್ಲ. ನನಗೆ ನಾನೇ ಒಂದಷ್ಟು ಹೇಳಿಕೊಂಡೆ. ಲಾರಿಯಲ್ಲಿ ಕೆಲವು ಹೋದರೆ ಹೋಗಲಿ. ಆ ನಾಲ್ಕು ಮಾತ್ರ ಹಾರಿಯೇ ಹೋಗಿರಬಹುದಲ್ಲ. ಯಾರು ನೋಡಿದ್ದಾರೆ? ನೇಮಕ ಆದ ಮೇಲೆ ಅವಳೇ ಮೂರು ವರ್ಷ ನೋಡುತ್ತಾಳೆ, ನಿಜ ಏನೆಂದು ಅವಳಿಗೇ ಗೊತ್ತಾಗುತ್ತದೆ. ಇದೆಲ್ಲ ಹೇಳಿಕೊಂಡು ಒಳಗೆ ಹೋದರೆ ಅವಳು ಎದುರಾಗುತ್ತಿದ್ದಳು. ದೀಪಾವಳಿ ಬಂತು. ನೀಲಗಂಗವ್ವ ನಾದಿನಿಗೆ ಇಳಕಲ್ಲಿನ ಸೀರೆ ತರಿಸಿದಳು. ಇನ್ನು ಮೇಲೆ ನಾಲ್ಕು ಊರು ಓಡಾಡುವಾಕಿ, ಹಳೇ ಸೀರೆಯಾಗ ಹೋದ್ರ ನಮ್ಮ ಮನಿ ಮರ್ಯಾದಿ ಏನಾಗಬೇಕು ಎಂದಳು. ಪಾರ್ವತವ್ವ ಚಪ್ಪಲಿ ಹೊಲಿಸಿಕೊಂಡಿದ್ದಳು. ಹೊಸ ಚಪ್ಪಲಿ ಕಚ್ಚಬಾರದು ಎಂದು ಅದನ್ನು ಮೆಟ್ಟಿಕೊಂಡು ಹಿತ್ತಲಲ್ಲಿ ಬೇಲಿಯಿಂದ ಬೇಲಿಗೆ ತಿರುಗುತ್ತಿದ್ದಳು. ಆ ಚರಚರ ಸದ್ದು ಗಲ್ಲೆಯ ಮೇಲೆ ಕೂತ ನನಗೆ ಕೇಳುತ್ತಿತ್ತು.

ಒಂದು ದಿನ ಬೆಳಗ್ಗೆ ಮನಸ್ಸು ತಡೆಯದೆ ಗೋದಾಮಿಗೆ ಹೋಗಿ, ನಾಲ್ಕು ದಂಟು ಎಳೆದು ಬೇರೆಯಾಗಿ ಬಿಸಿಲಿಗೆ ಇಟ್ಟೆ. ಒಂದು ತಾಸಿನಲ್ಲಿ ಹತ್ತೊಂಬತ್ತು ಚಿಟ್ಟೆ ಬಂದು ಕೂತವು. ಪಕ್ಕದಲ್ಲಿದ್ದ ಹುಲ್ಲಿನ ಹೊರೆಗೆ ಒಂದೂ ಬರಲಿಲ್ಲ. ಅಲ್ಲಿಗೆ ನಾನು ಹೇಳಿಕೊಳ್ಳುತ್ತಿದ್ದ ಮಾತಿನ ಹುರಿ ಬಿಚ್ಚಿತು.

ಹದಿನಾರನೆಯ ತಾರೀಖು, ಗುರುವಾರ. ಮರುದಿನ ಅನಂತಮೂರ್ತಿ ಬರುವವರು. ಮಧ್ಯಾಹ್ನ ಪಾರ್ವತವ್ವ ಪುಸ್ತಕವನ್ನೂ ಮಸಿಯ ಪೆನ್ನನ್ನೂ ತಂದು ಗಲ್ಲೆಯ ಮೇಲೆ ಇಟ್ಟಳು. ನಾಳೆ ಗಡಿಬಿಡಿ ಆಗುತ್ತದೆ, ಇವತ್ತೇ ಸಹಿ ಹಾಕಿಬಿಡು ಎಂದಳು. ನಾಲ್ಕು ಸಾಲು, ದುಂಡಗಿನ ಅಕ್ಷರ. ಕೆಳಗೆ ನನ್ನ ಹೆಸರಿಗೆ ಜಾಗ ಬಿಟ್ಟಿದ್ದಳು. ಪೆನ್ನು ತೆಗೆದುಕೊಂಡೆ. ಇಪ್ಪತ್ತಾರು ವರ್ಷ ವ್ಯಾಪಾರ ಮಾಡಿದ್ದೇನೆ. ಒದ್ದೆ ಸೆಣಬನ್ನು ಒಣಗಿದ್ದು ಎಂದು ಒಂದು ಚೀಟಿಗೂ ಸಹಿ ಹಾಕಿದವನಲ್ಲ. ಬಾಯಲ್ಲಿ ಸುಮ್ಮನಿರುವುದು ಬೇರೆ, ಕೈಯಿಂದ ಬರೆದು ಕೊಡುವುದು ಬೇರೆ. ಪೆನ್ನು ಕೆಳಗಿಟ್ಟು, ನನ್ನ ಜೊತೆ ಬಾ ಎಂದೆ.

ಎಲ್ಲಿಗೆ ಎಂದಳು. ಗೋದಾಮಿಗೆ ಎಂದೆ. ಹಮಾಲರು ಕೆಲಸದಲ್ಲಿ ಇದ್ದಾರಲ್ಲ ಎಂದಳು. ಇರಲಿ ಎಂದೆ. ಅವಳು ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡಳು.

ಕಳಿಸದೆ ಉಳಿದ ನಲವತ್ತೈವತ್ತು ಕಟ್ಟುಗಳು ಗೋಡೆಗೆ ಒರಗಿದ್ದವು. ಅವಳು ಹತ್ತು ಹೆಜ್ಜೆ ದೂರದಲ್ಲೇ ನಿಂತಳು. ನಾನೇನೂ ಹೇಳಬೇಕಾಗಲಿಲ್ಲ. ಕಟ್ಟುಗಳ ಹತ್ತಿರ ಹೋಗಿ ಎಣಿಸತೊಡಗಿದಳು, ಬೆರಳು ಮಡಿಸುತ್ತ, ಎಂದಿನ ಹಾಗೆ. ಅರವತ್ತಮೂರು. ಚುಕ್ಕೆಯವು ಐದು. ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು. ಅವರಲ್ಲಿ ವಯಸ್ಸಾದ ಮಾದೇವನನ್ನು ಅವಳೇ ಕರೆದು ಕೇಳಿದಳು, ಲಾರಿಗೆ ಯಾವ ಯಾವ ದಿನ ತಾಡಪಾಲು ಬಿಗಿದಿರಿ ಎಂದು. ಸೋಮವಾರ ಸೋಮವಾರ ಎಂದ ಮಾದೇವ. ಬಿಗಿಯುವಾಗ ಇವು ಇರುತ್ತಿದ್ದವೇ ಎಂದಳು. ಇರ್ತಿದ್ವಲ್ರಿ ಅವ್ವಾರ, ಸಂಜಿ ಮುಂದ ಎಬ್ಬಿಸಿದ್ರೂ ಏಳಾಂಗಿಲ್ಲ ಎಂದ ಅವನು. ಅವಳು ಕಣ್ಣು ಮುಚ್ಚಿ ಲೆಕ್ಕ ಹಾಕಿದಳು. ಸೋಮವಾರಗಳು ಒಂಬತ್ತು, ಹದಿನಾರು, ಇಪ್ಪತ್ತಮೂರು. ಕುಮಟೆಯಲ್ಲಿ ಕಂಡದ್ದು ಹತ್ತು, ಹದಿನೆಂಟು, ಇಪ್ಪತ್ತನಾಲ್ಕು. ಕಂಡದ್ದೂ ಈ ದಂಟು ಇಳಿಸಿದವರ ಕೊಟ್ಟಿಗೆಯಲ್ಲೇ.

ಅವಳು ನನ್ನ ಕಡೆ ತಿರುಗಿದಳು.

“ನೀ ಯಾವಾಗ ನೋಡಿದಿ?”

“ಆರನೇ ತಾರೀಖು.”

“ಹತ್ತು ದಿನ.”

“ನಿಂಗ ಕೆಲಸ ಆಗ್ಲಿ ಅಂತ ಸುಮ್ನಿದ್ದೆ, ಪಾರವ್ವ. ಬ್ಯಾರೆ ಏನಿಲ್ಲ.”

“ಅದು ಗೊತ್ತೈತಿ,” ಎಂದಳು. ದನಿ ಏರಿಸಲಿಲ್ಲ. “ನಮ್ಮ ಮನಿ ಬಾಗಿಲದಿಂದ ಇಲ್ಲಿಗೆ ಇಪ್ಪತ್ತು ಮಾರು. ದಿನಾ ಒಂದು ಸಲ ಬಂದಿದ್ರ ಮೊದಲನೇ ದಿನಾನ ತಿಳೀತಿತ್ತು. ಇಷ್ಟು ದಾಟಾಕೂ ನಂಗ ಮುಂಬಯಿ ಕಾಗದಾನ ಬೇಕಾಗಿತ್ತೇನಣ್ಣ?”

ನಾನು ನೆಲಕ್ಕೆ ಬಿದ್ದಿದ್ದ ದಂಟೊಂದನ್ನು ಎತ್ತಿ ಕಟ್ಟಿಗೆ ಸೇರಿಸಿದೆ. 

ಮನೆಗೆ ಬಂದ ಮೇಲೆ ನೀಲಗಂಗವ್ವ ವಿಷಯ ಕೇಳಿ ನನಗೂ ಬೈದಳು, ಅಖ್ತರನಿಗೂ ಬೈದಳು, ಸೆಣಬಿಗೂ ಬೈದಳು. ಆಮೇಲೆ ಮೆಲ್ಲಗೆ, ಆ ಮುಂಬಯಿಯವರಿಗೆ ಹೇಳಲೇಬೇಕೇನು, ಅವರೇನು ಗೋದಾಮು ನೋಡಲು ಬರುತ್ತಾರೆಯೇ ಎಂದಳು.  ಪಾರ್ವತವ್ವ ವೈನಿಯ ಕೈಯಿಂದ ಕಾಯಿತುರಿಯುವ ಮಣೆ ತೆಗೆದುಕೊಂಡು, ಕಾಯಿ ತುರಿಯುತ್ತ ಹೇಳಿದಳು, ಹದಿನಾಲ್ಕು ವರ್ಷದಲ್ಲಿ ತಾನು ಮಾಡಿದ್ದು ಅಂತ ಇರುವುದು ಆ ಪುಸ್ತಕ ಒಂದೇ ಎಂದು. ಒಂದು ಪುಟ ಸುಳ್ಳಾದರೆ ಉಳಿದದ್ದನ್ನು ಯಾಕೆ ನಂಬಬೇಕು ಎಂದು. ಅಲ್ಲಿಗೆ ಆ ಮಾತು ಮುಗಿಯಿತು.

ಅನಂತಮೂರ್ತಿ ಮರುದಿನ ಹನ್ನೊಂದರ ಬಸ್ಸಿಗೆ ಇಳಿದರು. ಕೈಯಲ್ಲಿ ಚರ್ಮದ ಚೀಲ, ಮುಖದ ತುಂಬ ಸಂತೋಷ. ಅವರು ಕಾಲು ತೊಳೆದು ಕೂರುವುದರೊಳಗೆ ಪಾರ್ವತವ್ವ ಎದುರಿಗೆ ನಿಂತು ಎಲ್ಲ ಹೇಳಿದಳು. ತಾರೀಖು, ವಾರ, ತಾಡಪಾಲು, ಕೊಟ್ಟಿಗೆ, ಒಂದೂ ಬಿಡಲಿಲ್ಲ. ನಾನು ಹತ್ತು ದಿನ ಬಚ್ಚಿಟ್ಟದ್ದನ್ನು ಮಾತ್ರ ಹೇಳಲಿಲ್ಲ. ಅಣ್ಣ ನಿನ್ನೆ ತೋರಿಸಿದ ಎಂದಳು. ಅವರು ಚಹದ ಲೋಟ ಹಿಡಿದುಕೊಂಡೇ ಕೂತರು. ಅದು ಆರಿತು.

ಗೋದಾಮಿಗೆ ಹೋಗಿ ನೋಡಿದರು. ಒಣಗಿದ ದಂಟನ್ನು ಮೂಸಿದರು, ಅದರ ಮೇಲಿದ್ದ ಚಿಟ್ಟೆಗಳನ್ನು ಒಂದೊಂದಾಗಿ ಹಿಡಿದು ಹಿಂಬದಿಯ ರೆಕ್ಕೆ ಬಿಡಿಸಿ ನೋಡಿದರು. ಇಪ್ಪತ್ತು ನೋಡಿದ ಮೇಲೆ, ಎಲ್ಲ ಗಂಡು ಎಂದರು. ಹೆಣ್ಣು ಒಂದೂ ಇಲ್ಲ. ಇದನ್ನು ಬರೆಯಬೇಕು ಎಂದು ಟಿಪ್ಪಣಿ ಮಾಡಿಕೊಂಡರು. ಸ್ವಲ್ಪ ಹೊತ್ತು ಕೆಲಸದ ವಿಷಯ ಇಬ್ಬರಿಗೂ ಮರೆತೇ ಹೋಗಿತ್ತು. ಯಾವ ಎಲೆ, ಎಷ್ಟು ದಿನ ಒಣಗಿದ್ದು ಎಂದು ಮಾತಾಡುತ್ತಿದ್ದರು. ಆಮೇಲೆ ಅವರು ಕೈ ಒರೆಸಿಕೊಂಡು ಎದ್ದು ನಿಂತರು.

“ಪಾರ್ವತಕ್ಕ, ನೀವು ಹೇಳದೇ ಇದ್ದಿದ್ರೆ ನಂಗೆ ಎಂತದೂ ಗೊತ್ತಾಗ್ತಿರ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು. ಆದ್ರೆ ನಾನು ಸಮಿತಿಗೆ ಈಗ ಎಂತ ತೋರಿಸ್ಲಿ? ಆ ನಾಲ್ಕು ಚಿಟ್ಟೆ ನೋಡಿಯೇ ಅವರು ಒಪ್ಪಿದ್ದು.”

“ಒಪ್ಪೋದು ಬ್ಯಾಡ ಬಿಡ್ರಿ,” ಎಂದಳು ಅವಳು. “ಆ ನಾಲ್ಕು ಸಾಲು ಹೊಡದು ಹಾಕ್ರಿ. ಲಾರಿ ವಿಷಯ ಬರಕೊಳ್ರಿ.”

ನೇಮಕದ ಕಾಗದ ಚರ್ಮದ ಚೀಲದಲ್ಲೇ ಉಳಿಯಿತು. ಚೀಲ ತೆರೆದಾಗ ಅದರ ಮೂಲೆ ನನಗೆ ಕಂಡಿತು. ಅವಳಿಗೂ ಕಂಡಿರಬೇಕು. ಸಂಜೆಯ ಬಸ್ಸಿಗೆ ಅವರು ಸಿದ್ದಾಪುರಕ್ಕೆ ಹೋದರು. ಹೋಗುವ ಮೊದಲು ಒಂದು ಮಾತು ಹೇಳಿದರು: ಕೆಳಗೆ ನಿಜವಾಗಿ ನೋಡಬೇಕಾದರೆ ಕೊಟ್ಟಿಗೆಯಲ್ಲಿ ಅಲ್ಲ, ದಡದ ಉದ್ದಕ್ಕೂ ನಡೆದು ನೋಡಬೇಕು.

ಭಾನುವಾರ ಬೆಳಗ್ಗೆ ಪಾರ್ವತವ್ವ ಇಳಕಲ್ಲಿನ ಸೀರೆ ಉಟ್ಟು, ಒಂದು ಬಟ್ಟೆಯ ಗಂಟು, ಬಲೆ, ಪುಸ್ತಕ ಹಿಡಿದು ಅಂಗಡಿಯ ಮುಂದಿನಿಂದಲೇ ಹೊರಟಳು. ಎಲ್ಲಿಗೆ ಎಂದು ನೀಲಗಂಗವ್ವ ಕೇಳಿದಳು. ಕುಮಟೆಗೆ ಎಂದಳು. ಎಷ್ಟು ದಿನ ಎಂದಳು ನೀಲಗಂಗವ್ವ. ಗೊತ್ತಿಲ್ಲ ವೈನಿ ಎಂದಳು. ನಾನು ಬಸ್ಸಿನ ಹಣ ಕೊಡಲು ಹೋದೆ. ತನ್ನಲ್ಲಿದೆ ಎಂದಳು. ಯಾವ ಊರಿಗೂ ಒಬ್ಬಳೇ ಹೋದವಳಲ್ಲ. ಜೊತೆಗೆ ಯಾರನ್ನಾದರೂ ಕಳಿಸಲೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಶನಿವಾರ ಬೇರೆ ಬಾಡಿಗೆಗೆ ಕುಮಟೆಗೆ ಹೋಗಿಬಂದ ಅಖ್ತರನ ಕೈಯಲ್ಲಿ ಕಮಲಾಕರರಿಗೆ ಹೇಳಿಕಳಿಸಿದ್ದಳು. ಅವರ ತಾಯಿ ಮನೆಯಲ್ಲಿ ಇಳಿದುಕೊಳ್ಳುವ ಏರ್ಪಾಡು ಆಗಿತ್ತು. ನನಗೆ ಅದು ಆಮೇಲೆ ತಿಳಿಯಿತು.

ಹನ್ನೆರಡು ದಿನ ಅವಳು ಅಲ್ಲಿದ್ದಳು. ಕುಮಟೆಯಿಂದ ಧಾರೇಶ್ವರದವರೆಗೆ ಮರಳಿನ ಮೇಲೆ ಬೆಳಗ್ಗೆ ನಡೆದು ಹೋಗುವುದು, ಮಧ್ಯಾಹ್ನದ ಮೇಲೆ ಬರುವುದು. ಕಮಲಾಕರ ಆಮೇಲೆ ಸಿಕ್ಕಾಗ ಹೇಳಿದರು, ಮೊದಲ ಎರಡು ದಿನ ಮೀನುಗಾರರ ಹೆಂಗಸರು ನಕ್ಕರಂತೆ. ಮೂರನೆಯ ದಿನ ಅವರೇ ಕರೆದು, ಅಕ್ಕಾ, ಇಲ್ಲೆರಡು ಕೂತಿವೆ ನೋಡು ಎಂದು ತೋರಿಸತೊಡಗಿದರಂತೆ. ನೀಲಿಪಟ್ಟಿಗಳು ಅಲೆಯ ಅಂಚಿಗೆ ತಾಗಿ, ಆಳೆತ್ತರದಲ್ಲಿ, ತೆಂಕಣಕ್ಕೆ ಹೋಗುತ್ತಿದ್ದವು. ಎರಡು ಸಾವಿರದ ನೂರನಾಲ್ಕು ಎಣಿಸಿದಳು. ಅವುಗಳಲ್ಲಿ ಕೆಂಪು ಚುಕ್ಕೆಯದು ಒಂದೂ ಇರಲಿಲ್ಲ. ಒಂದೂ ಇಲ್ಲ ಎಂದೇ ಬರೆದಳು.

ಡಿಸೆಂಬರಿನಲ್ಲಿ ಆ ಕೆಲಸ ಯಲ್ಲಾಪುರದ ಒಬ್ಬ ನಿವೃತ್ತ ಗುಮಾಸ್ತರಿಗೆ ಆಯಿತು ಎಂದು ಪತ್ರ ಬಂತು. ಅವಳು ಅದನ್ನು ಓದಿ ಮಡಿಸಿ ಇಟ್ಟು, ಜೋಳ ಹಸನು ಮಾಡಲು ಕೂತಳು. ಅರ್ಧ ಗಂಟೆ ಕೂತದ್ದನ್ನು ನಾನು ನೋಡಿದೆ. ಮರುವರ್ಷ ಮುಂಬಯಿಯ ಒಂದು ಪತ್ರಿಕೆಯಲ್ಲಿ, ಒಣಗಿದ ಸೆಣಬಿಗೆ ಗಂಡು ಚಿಟ್ಟೆಗಳು ಬಂದು ಕೂರುವುದರ ಬಗ್ಗೆ ಎಂಟು ಸಾಲು ಅಚ್ಚಾಯಿತು. ನೋಡಿದವರು ಶಿರಸಿಯ ಪಾರ್ವತವ್ವ ಎಂದಿತ್ತು. ಲಾರಿಯ ಸಂಗತಿಯೂ ಇತ್ತು, ಅಖ್ತರನ ಹೆಸರು ಇರಲಿಲ್ಲ. ತನ್ನ ಹೆಸರು ಯಾಕೆ ಬಿಟ್ಟರು ಎಂದು ಅವನು ನಾಲ್ಕು ದಿನ ಕೇಳಿದ.

ಗೋದಾಮಿನ ಕಟ್ಟಳೆ ಆ ಗುರುವಾರಕ್ಕೇ ಮುಗಿಯಿತು. ಬೇಕಾದಾಗ ಬಾ ಎಂದು ನಾನು ಹೇಳಿದ್ದಿಲ್ಲ. ಬರಬಹುದೇ ಎಂದು ಅವಳು ಕೇಳಿದ್ದೂ ಇಲ್ಲ. ಬರುತ್ತಾಳೆ, ನೋಡುತ್ತಾಳೆ, ಹೋಗುತ್ತಾಳೆ. ಸಿದ್ದಾಪುರಕ್ಕೆ ಹೋಗುತ್ತಾಳೆ, ಮಂಚಿಕೇರಿಯ ತೋಟಗಳಿಗೆ ಹೋಗಿ ಎರಡು ದಿನ ಇದ್ದು ಬರುತ್ತಾಳೆ, ಮಳೆ ಮುಗಿದರೆ ಕುಮಟೆಗೆ. ಅವಳ ಕೈಯಲ್ಲಿ ಯಾವ ಕಾಗದವೂ ಇಲ್ಲ.

ಕಳೆದುಹೋದದ್ದು ಮೂರು ವರ್ಷದ ನಲವತ್ತು ನಲವತ್ತು ರೂಪಾಯಿ. ಇನ್ನೊಂದೂ ಇದೆ. ಮೊದಲು ಅವಳು ಏನು ಕಂಡರೂ ಪುಸ್ತಕ ತಂದು ನನ್ನ ಮುಂದೆ ಹಿಡಿಯುತ್ತಿದ್ದಳು. ಆ ಹತ್ತು ದಿನದ ಮೇಲೆ ತೋರಿಸುವುದನ್ನು ಬಿಟ್ಟಳು. ಮಾತಿದೆ, ಊಟ ಬಡಿಸುತ್ತಾಳೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾಳೆ. ಪುಸ್ತಕ ಮಾತ್ರ ತೋರಿಸುವುದಿಲ್ಲ.